ಸಾವಕಾರ್ರ ತೋಳಿನ ಗಂಟು

ಹೋದ ತಿಂಗಳು ಹತ್ತರಗಿಯಿಂದ ಫೋನು ಬಂತು. ಆ ಕಡೆ ಅಳುತ್ತಿದ್ದವಳು ಸಾವಕಾರ್ರ ಮಗಳು. ಸಿಕ್ಕ ಬಸ್ಸು ಹಿಡಿದು ಹೋದೆ. ಹೆದ್ದಾರಿಯ ಬದಿಯಲ್ಲಿದ್ದ ಅವರ ಸಣ್ಣ ಕಿರಾಣಿ ಅಂಗಡಿ ಬಾಗಿಲು ಹಾಕಿತ್ತು. ಹಿಂದಿನ ಮನೆಯ ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಎಂಬತ್ತು ದಾಟಿ ಒಣಗಿದ ದೇಹ, ಆದರೆ ಮೀನಖಂಡ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಎಲ್ಲರೂ ಮುಖ ನೋಡಿ ಕೈ ಮುಗಿಯುತ್ತಿದ್ದರು, ನಾನು ಕಾಲು ನೋಡುತ್ತ ನಿಂತೆ.

ಮಣ್ಣಿಗೆ ಬಂದ ಮಂದಿ ಅಂಗಳದಲ್ಲಿ ಕುಳಿತು ಮಾತಾಡುತ್ತಿದ್ದರು. ಮಮದಾಪುರದ ಕಡೆಯಿಂದ ಬಂದ ನೆಂಟರೊಬ್ಬರು, "ಅಣ್ಣ ತಮ್ಮರಿಗೆ ಹೊಲದ ಸಲವಾಗಿ ಜಗಳಾ ಬಿತ್ತು ನೋಡ್ರಿ. ಇಲ್ಲಾಂದ್ರ ಅಂಥಾ ಮನಿತನದ ಮಗಾ ಇಲ್ಲಿ ಉಪ್ಪು ಬೆಲ್ಲಾ ಮಾರ್ಕೋಂತ ಯಾಕ ಕುಂಡ್ರತಿದ್ದ?" ಎಂದರು. ಉಳಿದವರು ಹೌದು ಹೌದು ಎಂದು ಗೋಣು ಹಾಕಿದರು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ನನಗೆ ಬೇಗ ಬರುತ್ತದೆ. ಮೂವತ್ತೈದು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಸಮಾಧಾನದ ಪಾಠ ಹೇಳಿಯೂ ಹೋಗದ ರೋಗ ಅದು. ಸಾವಿನ ಮನೆಯಲ್ಲಿ ಜಗಳ ಬೇಡವೆಂದು ನಾಲಿಗೆ ಕಚ್ಚಿಕೊಂಡೆ. ಹೊಲದ ಮಾತು ಬಂದದ್ದು ಎಷ್ಟೋ ವರ್ಷಗಳ ಮೇಲೆ. ಸಾವಕಾರ್ರು ಆ ಮನೆಯಿಂದ ಹೊರಬಿದ್ದದ್ದು ಒಂದು ಗಂಟಿನ ಕಾರಣಕ್ಕೆ, ಮತ್ತು ಆ ಗಂಟು ಹಾಕಿದವನು ನಾನು. ಅದನ್ನು ಬಲ್ಲವರು ಈಗ ಬೇರೆ ಯಾರೂ ಉಳಿದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಅವರಣ್ಣನ ಮಕ್ಕಳು ಒಳ್ಳೆಯವರು, ಅವರಿಗೆ ಮುಜುಗರ ಬೇಡ. ಗೋಕಾಕದ ಪೇಟೆಯಲ್ಲಿ ಅವರದು ದೊಡ್ಡ ಅಡತಿ ಅಂಗಡಿ, ಮಮದಾಪುರದಲ್ಲಿ ಹೊಲ, ಹಣೆಯ ತುಂಬ ವಿಭೂತಿ ಧರಿಸುವ ಹಳೆಯ ಲಿಂಗಾಯತ ಮನೆತನ. ಅಣ್ಣನನ್ನು ಊರು ದೊಡ್ಡ ಸಾವಕಾರ್ರು ಎನ್ನುತ್ತಿತ್ತು, ಇವರು ಬರೀ ಸಾವಕಾರ್ರು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು, ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ನದಿಯ ದಂಡೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ನಮ್ಮೂರಿನ ಕೆಲವರು ಫುಟ್‌ಬಾಲ್ ಆಡುತ್ತಿದ್ದರು. ಯಾರಿಗೂ ಪಗಾರವಿಲ್ಲ, ಯಾರಿಗೂ ಬೂಟಿಲ್ಲ. ಪಾದಕ್ಕೆ ಹಳೆಯ ಧೋತರದ ಪಟ್ಟಿ ಸುತ್ತಿಕೊಂಡರೆ ಆಟಗಾರ ತಯಾರು. ನಾಯಕ ಒಬ್ಬ ವಕೀಲರ ಗುಮಾಸ್ತ, ಆದರೆ ಮಾತು ನಡೆಯುತ್ತಿದ್ದದ್ದು ಸಾವಕಾರ್ರದು.

ಆಗಿನ ಆಟದಲ್ಲಿ ಐವರು ಮುಂದೆ, ಇಬ್ಬರು ಹಿಂದೆ, ಗೋಲಿನಲ್ಲಿ ಒಬ್ಬ. ನಡುವೆ ಮೂವರು ಹಾಫ್‌ಬ್ಯಾಕುಗಳು. ಆ ಮೂವರ ನಟ್ಟನಡುವೆ ಸಾವಕಾರ್ರು. ಮುಂದಿನವರಿಗೆ ಚೆಂಡು ಉಣಿಸುವವರೂ ಅವರೇ, ಎದುರಿನವರ ಬಾಯಿಂದ ಕಸಿಯುವವರೂ ಅವರೇ. ಗೋಲು ಹೊಡೆದವನನ್ನು ಜನ ಹೊತ್ತು ಕುಣಿಯುತ್ತಾರೆ, ಗೋಲು ಬಿಟ್ಟವನನ್ನು ಬೈಯುತ್ತಾರೆ, ಹಾಫ್‌ಬ್ಯಾಕನ್ನು ಯಾರೂ ಕೇಳುವುದಿಲ್ಲ. ಆದರೂ ಸಾವಕಾರ್ರನ್ನು ನೋಡಲೆಂದೇ ಹುಕ್ಕೇರಿಯಿಂದ ಸೈಕಲ್ ತುಳಿದು ಬರುವವರಿದ್ದರು. ಅವರು ಎಂದೂ ಜೋರಾಗಿ ಓಡಿದ್ದನ್ನು ನಾನು ಕಂಡಿಲ್ಲ. ಚೆಂಡು ಬೀಳುವ ಜಾಗದಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದರು. ಅದು ಹೇಗೆ ಎಂದು ಒಮ್ಮೆ ಕೇಳಿದೆ.

"ಕಾಲ ನೋಡಬ್ಯಾಡ, ಚೆಂಡ ನೋಡಬ್ಯಾಡ. ಎದುರಿಗಿದ್ದಂವನ ನಡಾ ನೋಡು. ಕಾಲು ಸುಳ್ಳ ಹೇಳ್ತಾವು, ಕಣ್ಣೂ ಹೇಳ್ತಾವು, ನಡಾ ಹೇಳಾಂಗಿಲ್ಲ" ಎಂದು ತಮ್ಮ ಸೊಂಟ ತಟ್ಟಿ ತೋರಿಸಿದರು.

ಅವರ ಓಟಕ್ಕೆ ಒಂದು ವಿಚಿತ್ರ ಲಕ್ಷಣವಿತ್ತು. ಎಡಗೈಯನ್ನು ಎದೆಗೆ ಒತ್ತಿಕೊಂಡೇ ಓಡುತ್ತಿದ್ದರು. ಬನಿಯನ್ನಿನ ಒಳಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅದು ಕುಣಿಯಬಾರದು, ಅದಕ್ಕೆ ಪೆಟ್ಟಾಗಬಾರದು. ಹೀಗಾಗಿ ಎತ್ತರದಿಂದ ಬಂದ ಚೆಂಡನ್ನು ಎಲ್ಲರೂ ಎದೆಯ ಮೇಲೆ ತೆಗೆದುಕೊಂಡರೆ ಇವರು ಮಾತ್ರ ಮೈ ಹೊರಳಿಸಿ ಹೆಗಲು ಕೊಡುತ್ತಿದ್ದರು, ಇಲ್ಲವೇ ತಲೆ ಕೊಡುತ್ತಿದ್ದರು. ಎದುರಿನ ತಂಡದವರಿಗೆ ಇದು ಗೊತ್ತಿತ್ತು. ಬೇಕೆಂದೇ ಎದೆಗೆ ಹೊಡೆಯುತ್ತಿದ್ದರು. "ಎದಿ ನೋವೇನ್ರಿ ಸಾವಕಾರ್ರ?" ಎಂದು ಮೂಡಲಗಿಯ ಮಂದಿ ಗೆರೆಯಾಚೆ ನಿಂತು ಕೂಗುತ್ತಿದ್ದರು. ಅವರು ನಕ್ಕು ಮುಂದೆ ಹೋಗುತ್ತಿದ್ದರು.

ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಅದರ ಕಾರಣ ಹೇಳಬೇಕು. ಆ ಚೆಂಡು ಹೊಲಿದವನು ನಮ್ಮಪ್ಪ. ನಮ್ಮದು ಚರ್ಮ ಹೊಲಿಯುವ ಮನೆತನ. ಚಪ್ಪಲಿ, ಬಾವಿಯಿಂದ ನೀರೆತ್ತುವ ಚರ್ಮದ ಬಾನಿ, ಎತ್ತಿನ ಪಟ್ಟಿ, ಎಲ್ಲ ನಮ್ಮ ಕೇರಿಯಿಂದಲೇ ಪೇಟೆಗೆ ಹೋಗುತ್ತಿದ್ದವು. ಮುಂದೆ ಕೆಲವು ವರ್ಷಕ್ಕೆ ನಾವು ಬೌದ್ಧರಾದೆವು. ಆಗಿನ್ನೂ ಕೇರಿಯವರೇ. ಹಾಗಾಗಿ ಸಾವಕಾರ್ರು ಚೆಂಡಿನಿಂದ ಎದೆ ತಪ್ಪಿಸಿಕೊಂಡಾಗಲೆಲ್ಲ ನಮ್ಮಪ್ಪನ ಕೈಯಿಂದಲೇ ತಪ್ಪಿಸಿಕೊಂಡಂತೆ ನನಗೆ ಕಾಣುತ್ತಿತ್ತು.

ಆದರೆ ನನ್ನನ್ನು ತಂಡಕ್ಕೆ ಎಳೆದವರೂ ಅವರೇ. ನಾನಾಗ ಇಪ್ಪತ್ತೊಂದರ ಪ್ರಾಯದವನು, ಹೊಸದಾಗಿ ಮಾಸ್ತರಿಕೆ ಸಿಕ್ಕಿತ್ತು. ರಿಪೇರಿಯಾದ ಚೆಂಡು ಕೊಡಲು ಬಯಲಿಗೆ ಹೋದರೆ, ಗಾಳಿ ಸರಿ ಇದೆಯೇ ನೋಡಲೆಂದು ಅವರು ನನ್ನತ್ತಲೇ ಒದ್ದರು. ಹಿಡಿದೆ. ಮತ್ತೆ ಒದ್ದರು, ಮತ್ತೆ ಹಿಡಿದೆ. ಹತ್ತನೆಯ ಸಲಕ್ಕೆ ಗುಮಾಸ್ತನತ್ತ ತಿರುಗಿ, "ನಮ್ಮ ಕೀಪರ್ ಸಿಕ್ಕ" ಎಂದರು. ನಾಲ್ಕೈದು ಜನ ಗುಸುಗುಸು ಮಾಡಿದರು. ಸಾವಕಾರ್ರು ಚೆಂಡನ್ನು ಎತ್ತಿ ಅವರ ಮುಂದೆ ಹಿಡಿದರು.

"ಇದನ್ನ ಹೊಲದಾಂವ ಇವರಪ್ಪ. ಇದನ್ನ ತಲಿ ಮ್ಯಾಲ ಹೊತ್ತ ಆಡ್ತೀರಿ. ಇವನ ಕೈಯಾಗ ಕೊಡಾಕ ಏನ ತ್ರಾಸ ನಿಮಗ?"

ನಾನು ಗೋಲಿನಲ್ಲಿ ನಿಂತೆ. ಮೊದಲ ದಿನವೇ ಅವರು ಇನ್ನೊಂದು ಕಾಯಿದೆ ಮಾಡಿದರು. ಎದುರಿನವನು ನುಗ್ಗಿ ಬಂದಾಗ ನಾನು ಹಿಂದಿನಿಂದ, "ಸಾವಕಾರ್ರ, ಸ್ವಲ್ಪ ಎಡಕ್ಕ ಬರ್ರೀ" ಎಂದು ಕೂಗಿದೆ. ಅಷ್ಟರಲ್ಲಿ ಗೋಲಾಗಿತ್ತು. ಅವರು ಸೊಂಟದ ಮೇಲೆ ಕೈಯಿಟ್ಟು ನನ್ನ ಹತ್ತಿರ ಬಂದರು. "ನೀ ನನಗ ಮರ್ಯಾದಿ ಕೊಟ್ಟು ಮುಗಸೋದ್ರಾಗ ಅಂವ ಗೋಲ್ ಹೊಡದ. ಸುಣ್ಣದ ಗೆರಿ ಒಳಗ 'ರಿ' ಇಲ್ಲ. 'ಏ ಹಾಫ್, ಎಡಕ!' ಅನ್ನು. ಅನ್ನು ಈಗ" ಎಂದರು. ಎರಡು ಸಲ 'ರಿ'ಯೇ ಬಾಯಿಗೆ ಬಂತು. ಮೂರನೆಯ ಸಲಕ್ಕೆ ಅಂದೆ.

ಇದನ್ನು ಓದಿ ಅವರನ್ನು ಶರಣರೆಂದು ತಿಳಿಯುವುದು ಬೇಡ. ಗೆರೆ ದಾಟಿ ಹೊರಗೆ ಬಂದರೆ ಅವರು ಸಾವಕಾರ್ರೇ, ನಾನು ಕೇರಿಯವನೇ. ಆಟದ ನಡುವಿನ ಬಿಡುವಿನಲ್ಲಿ ಎಲ್ಲರೂ ಲೋಟದಲ್ಲಿ ನೀರು ಕುಡಿದರೆ ನನ್ನ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರು. ಅವರು ನೋಡಿಯೂ ಸುಮ್ಮನಿರುತ್ತಿದ್ದರು. ಒಮ್ಮೆ ಪೇಟೆಯಲ್ಲಿ ಅವರ ಅಂಗಡಿಯ ಮೆಟ್ಟಿಲ ಕೆಳಗೆ ನಿಂತು ನಮಸ್ಕಾರ ಮಾಡಿದೆ. ಒಳಗೆ ಅಣ್ಣ ಕುಳಿತಿದ್ದರು. ಇವರು ನನ್ನನ್ನು ಕಂಡೂ ಕಾಣದವರ ಹಾಗೆ ತಕ್ಕಡಿಯತ್ತ ಮುಖ ತಿರುಗಿಸಿದರು. ಆ ದಿನ ನಾನು ಮನೆಗೆ ಬಂದು ಇನ್ನು ಆ ಬಯಲಿಗೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿದೆ. ಮರುದಿನ ಸಂಜೆ ಹೋದೆ. ಆಟದ ಹುಚ್ಚು ಅಂಥದ್ದು.

ಸುತ್ತಲಿನ ಊರುಗಳು ಪ್ರತಿ ವರ್ಷ ಆಡುತ್ತಿದ್ದ ಶೀಲ್ಡಿನ ಫೈನಲ್ ಆ ಸಲ ನಮ್ಮ ಬಯಲಿನಲ್ಲೇ ನಡೆಯಿತು. ಮೂಡಲಗಿಯವರು ಮೊದಲೇ ಸೋತು ಹೋಗಿದ್ದರು. ನಾವು ಮತ್ತು ಹುಕ್ಕೇರಿಯವರು ಉಳಿದಿದ್ದೆವು. ನಮ್ಮೂರಿಗೆ ಶೀಲ್ಡು ಎಂದೂ ಬಂದಿರಲಿಲ್ಲ. ಅರ್ಧ ಗೋಕಾಕ ಬಯಲಿನಲ್ಲಿತ್ತು. ಆಟವೆಂದರೆ ಮೂಗು ಮುರಿಯುತ್ತಿದ್ದ ದೊಡ್ಡ ಸಾವಕಾರ್ರು ಕೂಡ ಅವತ್ತು ಕುರ್ಚಿ ಹಾಕಿಸಿಕೊಂಡು ಗೆರೆಯ ಅಂಚಿಗೆ ಕುಳಿತಿದ್ದರು. ರೆಫ್ರಿ ಲಷ್ಕರದಿಂದ ಪೆನ್ಶನ್ ಬಂದ ಮನುಷ್ಯ, ಬೆಳಗಾವಿಯವರು, ಬಹಳ ಕಟ್ಟುನಿಟ್ಟು.

ಸೀಟಿ ಊದುವ ಮೊದಲೇ ಹುಕ್ಕೇರಿಯ ನಾಯಕ ತಕರಾರು ತೆಗೆದ. ಹಿಂದಿನ ಆಟದಲ್ಲಿ ಅವರ ಹುಡುಗನೊಬ್ಬ ಸಾವಕಾರ್ರಿಗೆ ಡಿಕ್ಕಿ ಹೊಡೆದು, ಕರಡಿಗೆಯ ಅಂಚು ತಾಗಿ ಹುಬ್ಬು ಹರಿದುಕೊಂಡಿದ್ದ. ಗಾಯದ ಗುರುತು ಇನ್ನೂ ಇತ್ತು. ರೆಫ್ರಿ ಗುರುತು ನೋಡಿದರು, ಸಾವಕಾರ್ರ ಎದೆಯ ಉಬ್ಬು ನೋಡಿದರು.

"ಇದನ್ನ ತಗೀರಿ. ಇಲ್ಲಾ, ಹೊರಗ ಹೋಗ್ರಿ."

ಲಿಂಗವನ್ನು ಮೈಯಿಂದ ಬೇರೆ ಮಾಡುವುದೆಂದರೆ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅದು ಸಾಯುವತನಕ ಮೈ ಮೇಲೆ ಇರಬೇಕಾದದ್ದು, ಸತ್ತ ಮೇಲೂ ಜೊತೆಗೆ ಮಣ್ಣಿಗೆ ಹೋಗುವಂಥದ್ದು. ದೊಡ್ಡ ಸಾವಕಾರ್ರು ಕುರ್ಚಿಯಿಂದ ಎದ್ದು, "ತಮ್ಮಾ, ಸಾಕು, ಮನಿಗಿ ನಡಿ" ಎಂದರು. ಸಾವಕಾರ್ರು ಅಣ್ಣನತ್ತ ನೋಡಲಿಲ್ಲ. ರೆಫ್ರಿಯನ್ನು ಕೇಳಿದರು: "ತಕರಾರು ಬೆಳ್ಳಿದೋ, ಲಿಂಗದ್ದೋ?"

"ಬೆಳ್ಳಿದು. ಅಂಚಿಂದು."

"ಹಂಗಾದ್ರ ಅರಿಬ್ಯಾಗ ಸುತ್ತಿ ತೋಳಿಗಿ ಕಟ್ಕೋತೀನಿ. ಕೈಗೆ ಚೆಂಡ ತಾಗಿದ್ರ ಫೌಲು. ಅಂದಮ್ಯಾಲ ಲಿಂಗಾ ಕಾಯಾಕ ನೀವ ಅದೀರಿ."

ರೆಫ್ರಿಯ ಮೀಸೆಯ ಕೆಳಗೆ ನಗು ಬಂದು ಹೋಯಿತು. ಐದು ನಿಮಿಷ ಕೊಟ್ಟರು. ಸಾವಕಾರ್ರು ಎಲ್ಲರಿಗೂ ಬೆನ್ನು ಮಾಡಿ ಕುಳಿತು, ಲಿಂಗವನ್ನು ಬಿಳಿಯ ಮಡಿ ವಸ್ತ್ರದಲ್ಲಿ ಸುತ್ತಿ ಎಡತೋಳಿನ ಮೇಲೆ ಇಟ್ಟುಕೊಂಡರು. ಒಂದೇ ಕೈಯಲ್ಲಿ ಕಟ್ಟಿಕೊಳ್ಳಲಾಗದು. ಗುಮಾಸ್ತ ಕಟ್ಟಿದ. ಸಾವಕಾರ್ರು ಎದ್ದು ನಾಲ್ಕು ಹೆಜ್ಜೆ ಓಡಿ ನೋಡಿದರು. ಗಂಟು ಸಡಿಲಾಗಿ ಜಾರಿತು, ಬಲಗೈಯಿಂದ ತಡೆದುಕೊಂಡರು. ಅಂಚಿನಲ್ಲಿ ನಿಂತ ಮುದುಕರ ಬಾಯಿಂದ "ಶಿವ ಶಿವಾ" ಹೊರಟಿತು. ಗುಮಾಸ್ತ ಹಿಂದೆ ಸರಿದ. ಇನ್ನೊಬ್ಬ ಮುಂದೆ ಬರಲಿಲ್ಲ. ಲಿಂಗ ಮಣ್ಣಿಗೆ ಬಿದ್ದರೆ ಆ ಪಾಪ ಕಟ್ಟಿದವನ ತಲೆಗೆ.

ನಾನು ಗೋಲಿನ ಹತ್ತಿರ ಚೆಂಡಿನ ಬಾಯಿ ಹೊಲಿದು ಗಂಟು ಹಾಕುತ್ತಿದ್ದೆ. ಆಗಿನ ಚೆಂಡಿಗೆ ಬಾಯಿ ಇರುತ್ತಿತ್ತು; ಒಳಗಿನ ರಬ್ಬರಿನ ಚೀಲಕ್ಕೆ ಗಾಳಿ ತುಂಬಿ, ಮೇಲಿನ ಚರ್ಮವನ್ನು ದಾರದಿಂದ ಬಿಗಿಯಬೇಕು. ನಮ್ಮಪ್ಪ ಕಲಿಸಿದ ಆ ಗಂಟು ಎಂಥ ಒದೆತಕ್ಕೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಸಾವಕಾರ್ರು ನೆಟ್ಟಗೆ ನನ್ನ ಮುಂದೆ ಬಂದು ನಿಂತರು. ತೋಳು ಚಾಚಿದರು.

"ನೀ ಕಟ್ಟು."

"ಬ್ಯಾಡ್ರಿ ಸಾವಕಾರ್ರ. ನನ್ನ ಕೈಲೆ ಬ್ಯಾಡ್ರಿ."

"ಗೆರಿ ಒಳಗ ಅದೀವಿ. ಕಟ್ಟು."

ಅಷ್ಟು ಹತ್ತಿರದಿಂದ ನಾನು ಅವರನ್ನು ಎಂದೂ ನೋಡಿರಲಿಲ್ಲ. ಅವರ ಹಣೆಯಲ್ಲಿ ಬೆವರು ಇಳಿದು ವಿಭೂತಿ ಕರಗುತ್ತಿತ್ತು. ಸುತ್ತಲೂ ಇದ್ದ ನೂರಾರು ಕಣ್ಣುಗಳು ನನ್ನ ಬೆರಳ ಮೇಲೆ. ಲಿಂಗಕ್ಕೆ ಬೆರಳು ತಾಗದ ಹಾಗೆ ವಸ್ತ್ರದ ಎರಡು ತುದಿ ಹಿಡಿದೆ, ಸುತ್ತಿದೆ, ಗಂಟು ಹಾಕಿದೆ. ಆಮೇಲೆ ಆದದ್ದು ನನ್ನ ಕೈತಪ್ಪು ಅಲ್ಲ, ಬಾಯಿತಪ್ಪು. ಚೆಂಡಿನ ದಾರವನ್ನು ನಾವು ಬರೀ ಕೈಯಿಂದ ಬಿಗಿಯುವುದಿಲ್ಲ. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಂಜಲು ತಾಗಿಸಿ ಜಗ್ಗಿದರೆ ಗಂಟು ಒದ್ದೆಯಾಗಿ ಕಚ್ಚಿಕೊಳ್ಳುತ್ತದೆ. ಕೇರಿಯ ಎಲ್ಲರ ಕೈಗಳೂ ಹೀಗೇ ಕಲಿತವು. ಯೋಚನೆ ಬರುವ ಮೊದಲೇ ನಾನು ಬಾಗಿ ವಸ್ತ್ರದ ತುದಿಯನ್ನು ಹಲ್ಲಿನಿಂದ ಜಗ್ಗಿಬಿಟ್ಟಿದ್ದೆ.

ಜಗ್ಗಿದ ಮೇಲೆ ಗೊತ್ತಾಯಿತು. ತಲೆ ಎತ್ತಲು ಧೈರ್ಯವಾಗಲಿಲ್ಲ. ಅಂಚಿನಲ್ಲಿ ದೊಡ್ಡ ಸಾವಕಾರ್ರ ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಕೇಳಿತು. ಸಾವಕಾರ್ರು ತೋಳನ್ನು ಎರಡು ಸಲ ಬೀಸಿ ನೋಡಿದರು. ಗಂಟು ಅಲುಗಲಿಲ್ಲ. "ಹಾಂ" ಎಂದಷ್ಟೇ ಹೇಳಿ ನಡುಗೆರೆಗೆ ಹೋದರು.

ಆಟದ ವಿಷಯ ಬಹಳ ಬರೆಯಲಾರೆ. ನನಗೆ ಅವತ್ತು ಚೆಂಡಿಗಿಂತ ಆ ಬಿಳಿ ವಸ್ತ್ರವೇ ಕಾಣುತ್ತಿತ್ತು. ಹುಕ್ಕೇರಿಯವರು ಎಂದಿನಂತೆ ಅವರ ಎದೆಗೆ ಹೊಡೆದರು. ಅವರು ಎದೆ ಉಬ್ಬಿಸಿ ನಿಂತರು. ಚೆಂಡು ತಾಗಿ ಸತ್ತ ಹಾಗೆ ಅವರ ಕಾಲ ಬಳಿ ಬಿತ್ತು. ಅವರು ಹಾಗೆ ಮಾಡಿದ್ದನ್ನು ಯಾರೂ ಹಿಂದೆ ನೋಡಿರಲಿಲ್ಲ. ಹುಕ್ಕೇರಿಯವರು ಬೆಪ್ಪಾಗಿ ನಿಂತ ಹೊತ್ತಿನಲ್ಲೇ ಚೆಂಡು ನಮ್ಮ ಮುಂದಿನವರಿಗೆ ಹೋಗಿ, ಗೋಲೂ ಆಗಿತ್ತು. ಕೊನೆಗೆ ಎರಡು ಮೂರು ನಿಮಿಷ ಉಳಿದಾಗ ನಾನು ಮುಂದೆ ಜಿಗಿದೆ, ಚೆಂಡು ಕೈತಪ್ಪಿ ಹೋಯಿತು. ಹಿಂದೆ ಗೋಲು ಖಾಲಿ. ಗೆರೆಯ ಮೇಲೆ ಸಾವಕಾರ್ರು ಒಬ್ಬರೇ. ಚೆಂಡು ನೆಟ್ಟಗೆ ಅವರ ಎಡತೋಳಿಗೇ ಬರುತ್ತಿತ್ತು. ನಾನು ನೆಲದ ಮೇಲೆ ಬಿದ್ದುಕೊಂಡೇ ಚೀರಿದೆ. ಅವರು ತೋಳನ್ನು ಬೆನ್ನ ಹಿಂದೆ ಎಳೆದುಕೊಂಡು ಎದೆ ಕೊಟ್ಟರು. ಚೆಂಡು ಹೊರಗೆ ಹೋಯಿತು, ಸೀಟಿ ಬಿತ್ತು, ಜನ ಒಳಗೆ ನುಗ್ಗಿದರು. ಶೀಲ್ಡು ನಮ್ಮದಾಯಿತು. ದೊಡ್ಡ ಸಾವಕಾರ್ರು ಅದನ್ನು ನೋಡಲು ಅಲ್ಲಿ ಇರಲಿಲ್ಲ, ಎದ್ದು ಹೋಗಿದ್ದರು.

ದೀಪ ಹಚ್ಚುವ ಹೊತ್ತಿಗೆ ಅವರ ಅಂಗಡಿಯ ಆಳು ನಮ್ಮ ಕೇರಿಗೆ ಬಂದ. "ಕೀಪರ್ ಎಲ್ಲಿ? ಸಾವಕಾರ್ರು ಕರೀತಾರ. ಲಗೂನ ಬಾ."

ಅಪ್ಪನಿಗೆ ನಾನು ಹಲ್ಲು ಹಚ್ಚಿದ ಸಂಗತಿ ಹೇಳಿರಲಿಲ್ಲ. ಈಗ ಹೇಳಿದೆ. ಅವನು ಚರ್ಮ ಚುಚ್ಚುವ ಆರಿಯನ್ನು ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತು ಕುಳಿತ. "ಅವರ ಲಿಂಗದ ವಸ್ತ್ರಕ್ಕ ಎಂಜಲ ಹಚ್ಚಿದ್ಯಾ? ಊರಾಗ ಇರಬೇಕೋ ಬ್ಯಾಡೋ ನಾವು? ಹೋಗು, ಹೋಗಿ ಕಾಲಿಗಿ ಬೀಳು" ಎಂದ. ನಾನು ಕಾಲಿಗೆ ಬೀಳುವವನಲ್ಲ. ಆದರೆ ಆಳಿನ ಹಿಂದೆ ಹೊರಟೆ.

ದಾರಿಯಲ್ಲಿ ಆಳು ಎಲ್ಲ ಹೇಳಿದ. ಸಾವಕಾರ್ರು ಬಂದು ಸ್ನಾನ ಮಾಡಿದರಂತೆ. ಪೂಜೆಗೆ ಲಿಂಗ ಅಂಗೈಗೆ ಇಳಿಸಬೇಕು, ಪೂಜೆ ಆಗದೆ ಊಟವಿಲ್ಲ. ಆದರೆ ಬೆವರು ಕುಡಿದು, ಸ್ನಾನದ ನೀರೂ ಬಿದ್ದು ಗಂಟು ಕಲ್ಲಾಗಿದೆ. ಮನೆಯವರು ಒಬ್ಬೊಬ್ಬರಾಗಿ ಉಗುರು ಮುರಿದುಕೊಂಡಿದ್ದಾರೆ. ಅಣ್ಣ ಕತ್ತರಿ ತರಿಸಿದರೆ, ಮೈ ಮೇಲಿನ ಲಿಂಗದ ವಸ್ತ್ರಕ್ಕೆ ಕತ್ತರಿ ಹಚ್ಚುವುದು ಅಪಶಕುನ ಎಂದು ಇವರು ಒಲ್ಲೆ ಎನ್ನುತ್ತಿದ್ದಾರೆ. ಮುಂಜಾನೆಯಿಂದ ಏನೂ ತಿಂದಿಲ್ಲ. ಮಗ ಉಣ್ಣದೆ ತಾಯಿಯೂ ಉಣ್ಣುವುದಿಲ್ಲ, ಆ ಅವ್ವನೋರಿಗೆ ಎಪ್ಪತ್ತರ ಮೇಲೆ ವಯಸ್ಸು.

ಮನೆಯ ಮುಂದಿನ ಕಟ್ಟೆಯ ತುಂಬ ಜನ. ದೊಡ್ಡ ಸಾವಕಾರ್ರು ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿ ಒಳಗೆ ಕೂಗಿದರು: "ಬಂದಾನ. ಹೊರಗ ಬಾ, ಇಲ್ಲೇ ಬಿಚ್ಚಿಸ್ಕೋ."

ಒಳಗಿನಿಂದ ಸಾವಕಾರ್ರ ದನಿ ಬಂತು: "ಲಿಂಗಾ ಇಳಿಸೋದು ಗದ್ದಗಿ ಮುಂದ, ಅಣ್ಣಾ. ಓಣ್ಯಾಗ ಅಲ್ಲ."

"ಇಂವನ್ನ ದೇವರ ಮನಿ ಒಳಗ ಕರೀಲೇನು?"

"ಅದು ನಿನಗ ಬಿಟ್ಟದ್ದು. ನಾ ಕುಂತೇನಿ."

ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ. ಒಬ್ಬರು ಒಳಗೆ, ಒಬ್ಬರು ಬಾಗಿಲಲ್ಲಿ, ಇಬ್ಬರೂ ನನ್ನ ಬಗ್ಗೆಯೇ ಮಾತಾಡುತ್ತಿದ್ದರು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಅಲ್ಲಿ ನಾನು ಮನುಷ್ಯನಲ್ಲ, ಗಂಟು ಬಿಚ್ಚುವ ಎರಡು ಕೈ. ನಿಮ್ಮ ಗಂಟು ನೀವೇ ಬಿಚ್ಚಿಕೊಳ್ಳಿ ಎಂದು ತಿರುಗಿ ನಡೆಯಬೇಕು ಎನಿಸಿತು. ಅಷ್ಟರಲ್ಲಿ ದೊಡ್ಡ ಸಾವಕಾರ್ರ ಹಿಂದಿನಿಂದ ಅವ್ವನೋರು ಗೋಡೆ ಹಿಡಿದುಕೊಂಡು ಬಂದರು. ಹಸಿದ ಮುಖ. ದೊಡ್ಡ ಮಗನನ್ನು ಬಾಜೂಕ್ಕೆ ಸರಿಸಿದರು.

"ಬಾರಪಾ ಒಳಗ. ಕಾಲ ತೊಳಕೋ. ಎಲ್ಲಾರೂ ತೊಳಕೊಂಡ ಬರ್ತಾರ, ನೀನೂ ತೊಳಕೋ."

ತಂಬಿಗೆಯನ್ನು ಮೆಟ್ಟಿಲ ಮೇಲೆ ಇಟ್ಟರು. ಕಾಲು ತೊಳೆದೆ. ಆ ಹೊಸ್ತಿಲು ದಾಟಿದೆ.

ದೇವರ ಮನೆ ಸಣ್ಣದು, ಊದಿನಕಡ್ಡಿಯ ಹೊಗೆ ತುಂಬಿತ್ತು. ಸಾವಕಾರ್ರು ಮಣೆಯ ಮೇಲೆ ಕುಳಿತಿದ್ದರು, ಹಣೆಗೆ ಹೊಸ ವಿಭೂತಿ, ತೋಳಿನಲ್ಲಿ ನನ್ನ ಗಂಟು. ಅವರ ಎದುರು ಮೊಣಕಾಲೂರಿದೆ. ಉಗುರು ಹಾಕಿದೆ, ಹತ್ತಲಿಲ್ಲ. ಅವ್ವನೋರು ಅಂಗಡಿಯ ಚೀಲ ಹೊಲಿಯುವ ದಬ್ಬಣ ತಂದುಕೊಟ್ಟರು. ತುದಿ ಒಳಗೆ ಹೋಗಲಿಲ್ಲ, ವಸ್ತ್ರದ ಎಳೆ ಕಿತ್ತು ಬಂತು. ಇನ್ನೊಂದು ಎಳೆ ಕಿತ್ತರೆ ವಸ್ತ್ರ ಹರಿದು ಲಿಂಗ ಕೆಳಗೆ ಬೀಳುತ್ತದೆ. ಕೈ ನಿಂತಿತು. ಈ ಗಂಟು ಬಿಚ್ಚುವುದಕ್ಕೆ ನಮ್ಮಲ್ಲಿ ಇರುವುದು ಒಂದೇ ದಾರಿ. ಅದು ನನಗೆ ಮೊದಲಿಂದ ಗೊತ್ತಿತ್ತು.

"ಹಲ್ಲ ಹಚ್ಚಬೇಕಾಗತೈತ್ರಿ" ಎಂದೆ.

"ಸಾಕು!" ಬಾಗಿಲಿನಿಂದ ದೊಡ್ಡ ಸಾವಕಾರ್ರ ದನಿ. "ಬಯಲಾಗ ಎಂಜಲ ಹಚ್ಚಿದ್ದು ಸಾಲದು ಅಂತ ಗದ್ದಗಿ ಮುಂದೂ ಹಚ್ಚತಾನಂತ. ಕತ್ತರಿ ತಗೊಂಬರ್ರಿ."

ಸಾವಕಾರ್ರು ಕಣ್ಣು ಮುಚ್ಚಿಕೊಂಡರು. ಅವ್ವನೋರು ಅಷ್ಟು ಹೊತ್ತು ನನ್ನನ್ನೇ ನೋಡುತ್ತಿದ್ದರು. ಮೂಲೆಯಲ್ಲಿ ಉರಿಯುತ್ತಿದ್ದ ದೀಪದ ಸಮೆಯನ್ನು ಎತ್ತಿ ತಂದು, ನನ್ನ ಮುಖದ ಹತ್ತಿರ ತಾವೇ ಹಿಡಿದುಕೊಂಡು ನಿಂತರು.

"ಹಚ್ಚಪಾ. ನನ್ನ ಮಗಾ ಉಂಡಿಲ್ಲ."

ಬಾಗಿದೆ. ಬಾಯಿಗೆ ಉಪ್ಪು ಹತ್ತಿತು, ಅವರ ಬೆವರಿನದು. ದೀಪದ ಬಿಸಿ ಕೆನ್ನೆಗೆ ತಾಗುತ್ತಿತ್ತು. ಅವ್ವನೋರ ಕೈಯ ಸಮೆ ವಾಲಿ ಎಣ್ಣೆಯ ಹನಿಯೊಂದು ನನ್ನ ಹೆಗಲ ಮೇಲೆ ಬಿತ್ತು. ಒಂದು ಎಳೆ ಸಡಿಲಾಯಿತು, ಇನ್ನೊಂದು, ಆಮೇಲೆ ಗಂಟು ಬಿಟ್ಟಿತು. ನಾನು ಹಿಂದೆ ಸರಿದೆ. ಸಾವಕಾರ್ರು ವಸ್ತ್ರ ಬಿಡಿಸಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಕುಳಿತರು. ನನ್ನತ್ತ ನೋಡಲಿಲ್ಲ. ಬಾಗಿಲಲ್ಲಿ ದೊಡ್ಡ ಸಾವಕಾರ್ರು ಇರಲಿಲ್ಲ. ನಾನು ಬಂದ ದಾರಿಯಲ್ಲೇ ಹೊರಗೆ ಹೋದೆ. ನನಗೆ ಯಾರೂ ಕುಳಿತುಕೋ ಎನ್ನಲಿಲ್ಲ, ನೀರು ಬೇಕೇ ಎಂದೂ ಕೇಳಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ.

ಮರುದಿನ ಅಂಗಡಿಯ ಆಳಿನಿಂದ ಉಳಿದದ್ದು ತಿಳಿಯಿತು. ಬೆಳಿಗ್ಗೆ ದೊಡ್ಡ ಸಾವಕಾರ್ರು ಬಾಗಿಲಿನಿಂದ ದೇವರ ಮನೆಯವರೆಗೆ ನೆಲ ಸಾರಿಸಿದರಂತೆ, ನಾನು ಹೆಜ್ಜೆಯಿಟ್ಟ ಕಡೆಯೆಲ್ಲ. ಆಮೇಲೆ ತಮ್ಮನನ್ನು ಕರೆದು ಹೇಳಿದರಂತೆ: "ಆಟಾ ಆಡು, ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ಇನ್ನೊಮ್ಮೆ ಅವನ ಕೈಲೆ ಕಟ್ಟಿಸ್ಕೊಂಡಿ ಅಂದ್ರ ಈ ಹೊಸ್ತಿಲಾ ತುಳೀಬ್ಯಾಡ." ಸಾವಕಾರ್ರು ಎದ್ದು ಅಂಗಡಿಗೆ ಹೋಗಿ ಕುಳಿತರಂತೆ.

ವಾರವಿಡೀ ನನಗೆ ನಿದ್ದೆ ಹತ್ತಲಿಲ್ಲ. ಬರುವ ರವಿವಾರ ಮೂಡಲಗಿಯಲ್ಲಿ ಆಟವಿತ್ತು, ರೆಫ್ರಿಯೂ ಅದೇ ಬೆಳಗಾವಿಯವರು. ಸಾವಕಾರ್ರು ಬರದಿದ್ದರೆ ಸಾಕು ಎಂದು ಬೇಡಿಕೊಂಡೆ. ಬರಲಿ ಎಂದೂ ಬೇಡಿಕೊಂಡೆ. ಎರಡೂ ಖರೆ.

ಅವರು ಬಂದರು. ಅವರ ಹಿಂದೆ ಬಾಡಿಗೆಯ ಟಾಂಗಾದಲ್ಲಿ ದೊಡ್ಡ ಸಾವಕಾರ್ರೂ ಬಂದರು. ಈ ಸಲ ಕುರ್ಚಿ ಕೇಳಲಿಲ್ಲ. ಗೋಲಿನ ಬಾಜೂಕ್ಕೆ, ನನ್ನಿಂದ ಐದಾರು ಮಾರು ದೂರದಲ್ಲಿ, ಗೆರೆಯ ಹೊರಗೆ ಕೈ ಕಟ್ಟಿ ನಿಂತರು. ಸಾವಕಾರ್ರು ಬೆನ್ನು ತಿರುಗಿಸಿ ಕುಳಿತು ಕರಡಿಗೆ ತೆಗೆದರು, ವಸ್ತ್ರ ಸುತ್ತಿಕೊಂಡರು. ಗುಮಾಸ್ತ ಕಟ್ಟಲೆಂದು ಮುಂದೆ ಬಂದ. ಅವನನ್ನು ದಾಟಿ ನನ್ನ ಕಡೆ ಬಂದು ತೋಳು ಚಾಚಿದರು.

ನಾನು ವಾರವಿಡೀ ಇದನ್ನೇ ಯೋಚಿಸಿದ್ದೆ. ಬೇರೆಯೇ ಒಂದು ಗಂಟು ಕಲಿತುಕೊಂಡಿದ್ದೆ, ಒಂದು ತುದಿ ಎಳೆದರೆ ಯಾರು ಬೇಕಾದರೂ ಬಿಚ್ಚಬಹುದಾದದ್ದು. ಬರೀ ಬೆರಳುಗಳಿಂದ, ಬಾಯಿಯನ್ನು ದೂರ ಹಿಡಿದು, ಹಗುರಾಗಿ ಕಟ್ಟಿದೆ. ಮೆಲ್ಲಗೆ ಹೇಳಿದೆ: "ಇದನ್ನ ಮನ್ಯಾಗ ನೀವ ಬಿಚ್ಕೋಬಹುದ್ರಿ. ನಾ ಬರೋ ಕಾರಣಿಲ್ಲ."

ಅವರು ತೋಳು ಬೀಸಿ ನೋಡಿದರು. ಅಣ್ಣನತ್ತ ಒಮ್ಮೆ ತಿರುಗಿದರು. ಅಣ್ಣನ ಮುಖದಲ್ಲಿ ಏನಿತ್ತೋ ನಾನು ನೋಡಲಿಲ್ಲ, ಸಾವಕಾರ್ರು ಕಲಿಸಿದ ಹಾಗೆ ಅವರ ನಡುವನ್ನೇ, ಸೊಂಟವನ್ನೇ ನೋಡುತ್ತಿದ್ದೆ. ಅದು ನನ್ನ ಕಡೆಗೇ ತಿರುಗಿತು. ಬಲಗೈಯಿಂದ ನನ್ನ ಗಂಟಿನ ತುದಿ ಹಿಡಿದು ಎಳೆದು ಬಿಚ್ಚಿಹಾಕಿದರು. ವಸ್ತ್ರದ ತುದಿಯನ್ನು ನನ್ನ ಬಾಯಿಯ ಹತ್ತಿರ ಹಿಡಿದರು.

"ಸಡಿಲ ಐತಿ" ಎಂದರು. ಅವರಣ್ಣನಿಗೂ ಕೇಳುವಷ್ಟು ಜೋರಾಗಿ. "ಹಲ್ಲಿಲೆ ಜಗ್ಗು."

ಜಗ್ಗಿದೆ.